ಹನ್ನೆರಡನೆಯ ಹೆಸರು

ಓರಗಿತ್ತಿಯ ಏಳಿಗೆ ಕಂಡರೆ ಅನ್ನ ಸೇರದ ಹೆಂಗಸರು ಎಲ್ಲ ಊರಿನಲ್ಲೂ ಇರುತ್ತಾರೆ. ಉತ್ತರ ಕೆರೊಲಿನಾದ ಬೆಟ್ಟದ ತಪ್ಪಲಿನ ನಮ್ಮ ಬ್ರಶಿ ಫೋರ್ಕಿನಲ್ಲಿ ಆ ಪಟ್ಟ ವರ್ಲೀನ್ ಬೋಲಿಕ್‌ಳದ್ದು. ಅದನ್ನು ಅವಳಿಂದ ಕಿತ್ತುಕೊಳ್ಳಲು ಯಾರೂ ಪ್ರಯತ್ನಪಟ್ಟಿದ್ದಿಲ್ಲ.

ಬೋಲಿಕ್ ಮನೆಯ ದೊಡ್ಡ ಮಗ ರಾಯ್ಸ್‌ನ ಹೆಂಡತಿ ಅವಳು. ಚಿಕ್ಕ ಮಗನ ಹೆಂಡತಿ ಗ್ವೆಂಡಾ. ಎರಡು ಮನೆಗಳ ನಡುವೆ ಅತ್ತೆ ಐಲಾಳ ಮನೆ. ಅತ್ತೆ ತನ್ನ ಜಗಲಿಯ ತೂಗುಕುರ್ಚಿಯಲ್ಲಿ ಕೂತರೆ ಇಬ್ಬರು ಸೊಸೆಯರ ಅಡುಗೆಮನೆಯ ಕಿಟಕಿಗಳೂ ಕಾಣುತ್ತಿದ್ದವು. ಆದರೆ ಆ ಕುರ್ಚಿ ಯಾವಾಗಲೂ ಗ್ವೆಂಡಾಳ ಕಡೆಗೇ ತಿರುಗಿರುತ್ತಿತ್ತು ಎಂಬುದು ವರ್ಲೀನಳ ದೂರು. ಬಿಸಿಲು ಆ ಕಡೆಯಿಂದ ಬರುತ್ತದೆ, ಮುದುಕಿಗೆ ಬಿಸಿಲು ಬೇಕು ಎಂದು ಗಂಡ ಹೇಳಿದರೆ ಅದನ್ನು ಅವಳು ನಂಬುತ್ತಿರಲಿಲ್ಲ. ಹೊಟ್ಟೆ ಉರಿಯುವವರಿಗೆ ಸೂರ್ಯನೂ ಪಕ್ಷಪಾತಿಯೇ.

ಗ್ವೆಂಡಾ ಏನಾದರೂ ಕೆಟ್ಟದ್ದು ಮಾಡಿದ್ದಳೇ ಎಂದರೆ, ಇಲ್ಲ. ವರ್ಲೀನಳ ಸಂಕಟ ಇದ್ದದ್ದೇ ಅಲ್ಲಿ. ಜಗಳಗಂಟಿಯಾಗಿದ್ದರೆ ಕಿತ್ತಾಡಿ ನಿರಾಳವಾಗಬಹುದಿತ್ತು. ಇವಳು ನಗುತ್ತಾ ಬಂದವಳು, ನಗುತ್ತಾ ಇದ್ದವಳು. ಚರ್ಚಿನ ಸಹಭೋಜನದಲ್ಲಿ ಅವಳ ಬಾಳೆಹಣ್ಣಿನ ಪುಡಿಂಗ್ ಮೊದಲು ಖಾಲಿಯಾಗುತ್ತಿತ್ತು. ವರ್ಲೀನಳ ಕೋಸಿನ ಪಚಡಿ ಅರ್ಧ ಬಟ್ಟಲು ಹಾಗೇ ಮನೆಗೆ ಮರಳುತ್ತಿತ್ತು. ಇಬ್ಬರೂ ಒಂದೇ ಸೋಫಾ ಕಾರ್ಖಾನೆಯಲ್ಲಿ ಗವಸು ಹೊಲಿದವರು. ಅಲ್ಲೂ ಗ್ವೆಂಡಾಳ ಯಂತ್ರ ಕಿಟಕಿಯ ಪಕ್ಕ, ಇವಳದ್ದು ಕಂಬದ ಹಿಂದೆ.

ಕಾರ್ಖಾನೆ ಮುಚ್ಚಿತು. ಕೆಲಸ ಕಳೆದುಕೊಂಡವರು ಇಂಥ ದಿನದೊಳಗೆ ಕಮ್ಯುನಿಟಿ ಕಾಲೇಜಿಗೆ ಸೇರಿದರೆ ಫೀಸು, ಪುಸ್ತಕ, ಕಾರಿನ ಪೆಟ್ರೋಲು ಸಮೇತ ಸರ್ಕಾರವೇ ಭರಿಸುತ್ತದೆ ಎಂದು ಸುದ್ದಿ ಬಂತು. ಗ್ವೆಂಡಾ ಮಾರನೇ ದಿನವೇ ಹೋಗಿ ಸೇರಿಕೊಂಡಳು. ವರ್ಲೀನ್ ಊರಿಗೆಲ್ಲ ಕೇಳುವ ಹಾಗೆ ನಕ್ಕಳು.

"ಐವತ್ತಕ್ಕೆ ಬಂದು ಸ್ಕೂಲ್ ಬ್ಯಾಗ್ ನೇತಾಕ್ಕೊಂಡು ಹೋಗ್ತಾಳಂತೆ! ಮೊಮ್ಮಗು ಜೊತೇಲೇ ಕೂತು ಬರೀಲಿ, ಒಂದೇ ಪೆನ್ಸಿಲ್ ಸಾಕಾಗುತ್ತೆ."

ನಗು ನಿಲ್ಲುವ ಹೊತ್ತಿಗೆ ಗಡುವು ದಾಟಿತ್ತು. ಆಮೇಲೆ ಒಂದು ದಿನ ವಿಚಾರಿಸಿ ನೋಡಿದಳು, ಯಾರಿಗೂ ಹೇಳದೆ. ಇನ್ನು ಸೇರುವುದಾದರೆ ಸ್ವಂತ ದುಡ್ಡಿನಲ್ಲಿ ಎಂದರು. ದೊಡ್ಡ ಕಾಲೇಜುಗಳಿಗೆ ಹೋಲಿಸಿದರೆ ಅಲ್ಲಿಯ ಫೀಸು ಏನೂ ಅಲ್ಲ. ಆದರೆ ಓರಗಿತ್ತಿಗೆ ಪುಕ್ಕಟೆ ಸಿಕ್ಕಿದ್ದಕ್ಕೆ ತಾನು ಕಾಸು ಬಿಚ್ಚುವುದು ಯಾವ ಹೆಂಗಸಿಗೆ ಸಾಧ್ಯ? ಹೆದ್ದಾರಿಯ ಅಗ್ಗದ ಅಂಗಡಿಯಲ್ಲಿ ಸಾಮಾನಿಗೆ ಬೆಲೆಚೀಟಿ ಅಂಟಿಸುವ ಕೆಲಸಕ್ಕೆ ಸೇರಿಕೊಂಡಳು. ಸಂಜೆ ಅಲ್ಲಿಂದ ಬರುವಾಗ ಗ್ವೆಂಡಾಳ ಕಿಟಕಿಯಲ್ಲಿ ದೀಪ, ದೀಪದ ಕೆಳಗೆ ಪುಸ್ತಕ, ಪುಸ್ತಕದ ಮೇಲೆ ಆ ತಲೆ ಕಾಣುತ್ತಿತ್ತು. ವರ್ಲೀನ್ ತನ್ನ ಮನೆಯ ಪರದೆ ಎಳೆದುಬಿಡುತ್ತಿದ್ದಳು.

ಹೀಗೆ ಎರಡು ವರ್ಷ ಕಳೆಯಿತು. ಆಸ್ಪತ್ರೆಯ ದಾಖಲೆ ನೋಡಿಕೊಳ್ಳುವ ಓದು ಗ್ವೆಂಡಾಳದ್ದು. ಅತ್ತೆ ಭಾನುವಾರ ಚರ್ಚಿನಲ್ಲಿ ಸಿಕ್ಕಸಿಕ್ಕವರಿಗೆ, "ನಮ್ಮ ಚಿಕ್ಕ ಸೊಸೆ ಕಾಲೇಜು ಓದ್ತಾಳೆ" ಎನ್ನುವಳು. ದೊಡ್ಡ ಸೊಸೆ ಪಕ್ಕದಲ್ಲೇ ಪಚಡಿಯ ಬಟ್ಟಲು ಹಿಡಿದು ನಿಂತಿರುವಳು.

ಮೂರನೇ ವರ್ಷದ ಆಗಸ್ಟಿನಲ್ಲಿ ಒಂದು ದಿನ ಗ್ವೆಂಡಾ ಹಿಂಬಾಗಿಲಿಂದ ಬಂದಳು. ಕೈಯಲ್ಲಿ ಟೊಮೆಟೊ ಬುಟ್ಟಿ.

"ವರ್ಲೀನಕ್ಕ, ಒಂದು ಸಹಾಯ ಆಗ್ಬೇಕಿತ್ತು."

"ನನ್ನಿಂದನಾ? ಡಿಗ್ರಿ ಮಾಡೋಳಿಗೆ ಬೆಲೆಚೀಟಿ ಅಂಟಿಸೋಳಿಂದ ಏನಮ್ಮ ಸಹಾಯ?"

"ಹಾಗನ್ಬೇಡ ಅಕ್ಕ. ಒಂದೇ ಒಂದು ಪಾಠ ಬಾಕಿ ಇದೆ, ಜನರ ಮುಂದೆ ನಿಂತು ಮಾತಾಡೋ ಪಾಠ. ಅದಾದ್ರೆ ಮುಗೀತು. ಆದ್ರೆ ಹನ್ನೆರಡು ಜನ ಸೇರ್ದೆ ಇದ್ರೆ ಕಾಲೇಜಿನೋರು ಪಾಠಾನೇ ನಡ್ಸಲ್ಲ. ಹನ್ನೊಂದು ಜನ ಆಗಿದೀವಿ."

"ಮುಂದಿನ ಸಲ ಮಾಡ್ಕೊ. ಏನು, ರೈಲು ಹೊರಟುಹೋಗುತ್ತಾ?"

"ಹೋಗುತ್ತಕ್ಕ. ಜನವರಿಗೆ ಆಸ್ಪತ್ರೆಯೋರು ಕರ್ದಿದಾರೆ. ಅಷ್ಟರೊಳಗೆ ಓದು ಮುಗೀದೆ ಇದ್ರೆ ಆ ಕೆಲ್ಸ ಬೇರೆಯೋರಿಗೆ. ನನ್ನ ವಯಸ್ಸಿಗೆ ಇನ್ನೊಂದ್ಸಲ ಯಾರು ಕರೀತಾರೆ ಹೇಳು? ನೀನು ಹೆಸ್ರು ಕೊಡು ಸಾಕು. ಫೀಸು ನಾನು ಕಟ್ತೀನಿ, ಎಲ್ಲಾ ನಾನೇ ಬರ್ದು ಕೊಡ್ತೀನಿ. ಎಣಿಕೆ ದಿನ ಆಗೋವರ್ಗೂ ಬಂದು ಕೂತಿರು. ಆಮೇಲೆ ಬರೋದೇ ಬೇಡ."

ನಮ್ಮ ಕಡೆ ಇದು ಹೊಸದಲ್ಲ. ಪಾಠ ಶುರುವಾಗಿ ಹತ್ತರಲ್ಲಿ ಒಂದು ಪಾಲು ಮುಗಿದ ದಿನ ಕಾಲೇಜು ತಲೆ ಎಣಿಸುತ್ತದೆ. ಆ ಎಣಿಕೆಯ ಮೇಲೆ ರಾಜ್ಯ ಸರ್ಕಾರ ದುಡ್ಡು ಕೊಡುತ್ತದೆ. ತಲೆ ಕಡಿಮೆ ಬಿದ್ದರೆ ಪಾಠ ರದ್ದು. ಅದಕ್ಕೇ ಜನ ತಂಗಿಯನ್ನೋ, ಭಾವನನ್ನೋ ಕರೆತಂದು ಕುರ್ಚಿ ತುಂಬಿಸುತ್ತಾರೆ. ಸಾವಿನ ಮನೆಗೆ ಅಡುಗೆ ಮಾಡಿ ಕೊಂಡೊಯ್ಯುವ ಹಾಗೆ ಇದೂ ಒಂದು ನೆಂಟಸ್ತಿಕೆ, ಇಲ್ಲವೆನ್ನುವುದು ಕಷ್ಟ. ವರ್ಲೀನ್ ಟೊಮೆಟೊಗಳನ್ನು ನೋಡಿದಳು. ಅವಳ ಹಿತ್ತಲಲ್ಲಿ ಇನ್ನೂ ಕಾಯಿ.

"ಸರಿ ಬಿಡು, ಬರ್ತೀನಿ," ಎಂದಳು. ಒಪ್ಪಿದ್ದು ಓರಗಿತ್ತಿಯ ಮೇಲಿನ ಪ್ರೀತಿಯಿಂದಲ್ಲ. ಎರಡು ವರ್ಷ ಆ ಕಟ್ಟಡದೊಳಗೆ ಅವಳು ಏನು ಸುಖ ಕಂಡಳು ಎಂದು ನೋಡುವ ಆಸೆಯಿಂದ.

ಇದು ಅತ್ತೆಯ ಕಿವಿಗೆ ಬಿತ್ತು. ಎಂಬತ್ತೊಂದರ ಐಲಾ, "ಅರವತ್ತೈದು ದಾಟಿದೋರಿಗೆ ಪುಕ್ಕಟೆ ಅಂತೆ ಕಣ್ರೇ, ನಾನೂ ಬರ್ತೀನಿ," ಎಂದು ಚರ್ಚಿನ ಟೋಪಿ ಹಾಕಿಕೊಂಡು ಹೊರಟೇಬಿಟ್ಟಳು. "ನಾನು ಸೇರಿದ್ರೆ ಹದಿಮೂರಾಯ್ತು. ಯಾರಿಗಾದ್ರೂ ಜ್ವರ ಬಂದ್ರೂ ಪಾಠಕ್ಕೆ ಮೋಸ ಇಲ್ಲ." ಗ್ವೆಂಡಾ ಅತ್ತೆಯನ್ನು ತಬ್ಬಿಕೊಂಡಳು. ಅದನ್ನೂ ವರ್ಲೀನ್ ಪರದೆಯ ಸಂದಿಯಿಂದ ನೋಡಿದಳು.

ನಮ್ಮ ಕಾಲೇಜು ಬೆಳಿಗ್ಗೆ ಮಕ್ಕಳದ್ದು, ಸಂಜೆ ಅವರ ಅಪ್ಪ ಅಮ್ಮಂದಿರದ್ದು. ಸಂಜೆಯ ಆ ಕೋಣೆಯಲ್ಲಿ ಹದಿನೇಳರ ಹುಡುಗಿಯರಿಂದ ಹಿಡಿದು ಬೆನ್ನು ಹಿಡಿದುಕೊಂಡ ಟ್ರಕ್ ಚಾಲಕನವರೆಗೆ ಎಲ್ಲರೂ ಇದ್ದರು. ಸೈನ್ಯದಿಂದ ಮರಳಿದ ಒಬ್ಬ, ಲಾವೋಸಿನಿಂದ ಬಂದು ಇಲ್ಲಿ ನೆಲೆಸಿದ ಹ್ಮಾಂಗ್ ಬುಡಕಟ್ಟಿನ ಅಣ್ಣ ತಂಗಿ ಇಬ್ಬರು, ಕೋಳಿ ಕಾರ್ಖಾನೆಯಿಂದ ನೇರ ಬರುತ್ತಿದ್ದ ಗ್ವಾಟೆಮಾಲಾದ ಎಲ್ವಿರಾ. ಕಲಿಸುವವರು ಎವರೆಟ್ ಕ್ರಂಪ್. ಸ್ಥಳೀಯ ರೇಡಿಯೋದಲ್ಲಿ ದಿನಾ ಬೆಳಿಗ್ಗೆ, ಊರಲ್ಲಿ ಸತ್ತವರ ಹೆಸರು ಓದುತ್ತಿದ್ದು ನಿವೃತ್ತರಾದವರು. ಪಾಠ ನಡೆದರೆ ಅವರಿಗೆ ಸಂಬಳ, ಇಲ್ಲದಿದ್ದರೆ ಇಲ್ಲ.

ವರ್ಲೀನ್ ಬರಿಗೈಯಲ್ಲಿ ಹೋಗಿ ಗ್ವೆಂಡಾಳ ಪಕ್ಕ ಕೂತಳು. ಮೊದಮೊದಲು ಗೋಡೆಯ ಗಡಿಯಾರ ನೋಡುತ್ತಿದ್ದಳು. ಕ್ರಂಪ್ ಒಂದು ಕೆಲಸ ಕೊಟ್ಟರು: ಪ್ರತಿಯೊಬ್ಬರೂ ಎದ್ದು ಪಕ್ಕದವರನ್ನು ಎಲ್ಲರಿಗೂ ಪರಿಚಯಿಸಬೇಕು. ಹೋಗಿ ಹೋಗಿ ಓರಗಿತ್ತಿಯನ್ನು ಹೊಗಳುವ ಶಿಕ್ಷೆ ಬಂತಲ್ಲ ಎಂದು ಹಲ್ಲು ಕಚ್ಚಿಕೊಂಡು ಎದ್ದಳು.

"ಇವಳು ಗ್ವೆಂಡಾ. ನನ್ನ ಮೈದುನನ ಹೆಂಡ್ತಿ. ಇವಳ ಪುಡಿಂಗು ಚರ್ಚಲ್ಲಿ ಪ್ರಾರ್ಥನೆ ಮುಗಿಯೋಕ್ಕೆ ಮುಂಚೇನೇ ಖಾಲಿ. ನನ್ನ ಪಚಡಿ ವಾಪಸ್ ಬಂದು ವಾರವೆಲ್ಲಾ ನನ್ನ ಗಂಡನ ತಟ್ಟೇಲಿರುತ್ತೆ. ಪಾಪ, ಅವರು ಇವಳ ಪುಡಿಂಗ್ ಖಾಲಿ ಆಗ್ದೇ ಇರ್ಲಿ ಅಂತ ದೇವ್ರಿಗೆ ಬೇಡ್ಕೋತಾರೆ. ಇವಳು ಗಿಡಕ್ಕೆ ನೀರು ಹಾಕಿದ್ದು ನಾನು ನೋಡೇ ಇಲ್ಲ. ಆದ್ರೂ ಟೊಮೆಟೊ ನನಗಿಂತ ಮುಂಚೆ ಹಣ್ಣಾಗುತ್ತೆ. ದೇವ್ರು ಇವಳ ಹಿತ್ತಲಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ಬೇಕು. ನಮ್ಮತ್ತೆ ಕುರ್ಚಿನೂ ಅದೇ ಕಡೆಗಿದೆ, ಇಬ್ರೂ ಮಾತಾಡ್ಕೊಂಡಿರ್ತಾರೆ."

ಕೋಣೆ ಬಿದ್ದು ಬಿದ್ದು ನಕ್ಕಿತು. ಟ್ರಕ್ ಚಾಲಕ ಬೆನ್ನುನೋವು ಮರೆತು ಮೇಜು ಗುದ್ದಿದ. ಐಲಾ ಟೋಪಿ ಸರಿಮಾಡಿಕೊಂಡು ಅತ್ತಿತ್ತ ನೋಡಿದಳು. ಕ್ರಂಪ್ ಕನ್ನಡಕ ಒರೆಸುತ್ತಾ, "ಮೂವತ್ತು ವರ್ಷ ಸತ್ತೋರ ಬಗ್ಗೆ ಓದಿದೀನಮ್ಮ. ಬದುಕಿರೋರ ಬಗ್ಗೆ ಇಷ್ಟು ಚೆನ್ನಾಗಿ ಮಾತಾಡಿದೋರನ್ನ ನಾನು ಕಂಡಿಲ್ಲ," ಎಂದರು.

ವರ್ಲೀನಳ ಕಿವಿ ಬಿಸಿಯಾಯಿತು. ತಾನು ಹೇಳಿದ್ದೆಲ್ಲ ನಿಜವಾದ ಉರಿ. ಅದನ್ನು ಜನ ಹಬ್ಬದೂಟದ ಹಾಗೆ ಉಂಡರು. ಅವಳ ಬಟ್ಟಲು ಮೊದಲ ಸಲ ಪೂರ್ತಿ ಖಾಲಿಯಾಗಿತ್ತು. ಇನ್ನೊಂದು ಸಲ ನಿಲ್ಲಬೇಕು, ಇನ್ನೂ ಹೇಳಬೇಕು ಎನ್ನಿಸಿತು. ಎಣಿಕೆಯ ದಿನ ಮುಗಿದ ಮೇಲೂ ಬಂದರೆ ಯಾರು ಬೇಡವೆನ್ನುತ್ತಾರೆ ಎಂದು ಒಂದು ಗಳಿಗೆ ಯೋಚಿಸಿದಳು.

ಆಗ ಗ್ವೆಂಡಾ ಎದ್ದಳು.

"ಇವ್ರು ನಮ್ಮ ವರ್ಲೀನಕ್ಕ. ನಿಜ ಹೇಳ್ಬೇಕು ಅಂದ್ರೆ ಇವ್ರು ಕಲಿಯೋಕ್ಕೆ ಬಂದೋರಲ್ಲ. ಪಾಠ ನಡೀಬೇಕಾದ್ರೆ ಹನ್ನೆರಡನೇ ಹೆಸ್ರು ಬೇಕಿತ್ತು, ನನಗೋಸ್ಕರ ಬಂದ್ರು. ಇಡೀ ದಿನ ಅಂಗಡೀಲಿ ನಿಂತು ಬರ್ತಾರೆ, ಕಾಲು ನೋವು. ಎಣಿಕೆ ಆದ್ಮೇಲೆ ಇವರಿಗೆ ತೊಂದ್ರೆ ಕೊಡಲ್ಲ. ಎಲ್ಲಾರೂ ಒಂದು ಚಪ್ಪಾಳೆ ಹೊಡೀರಿ."

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ಹೊಡೆದವಳು ಅತ್ತೆ. ಕ್ರಂಪ್ ಎದೆಯ ಮೇಲೆ ಕೈಯಿಟ್ಟು, "ದೊಡ್ಡ ಮನಸ್ಸು ತಾಯಿ," ಎಂದರು.

ಗ್ವೆಂಡಾ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಅದನ್ನು ಯಾರು ಬೇಕಾದರೂ ಹೇಳಬಲ್ಲರು, ವರ್ಲೀನ್ ಒಬ್ಬಳನ್ನು ಬಿಟ್ಟು. ಅವಳಿಗೆ ಕೇಳಿಸಿದ್ದು ಒಂದೇ ಮಾತು: ಕಲಿಯೋಕ್ಕೆ ಬಂದೋರಲ್ಲ. ಅಂದರೆ ತಾನು ಕುರ್ಚಿ ತುಂಬಲು ತಂದಿಟ್ಟ ಮೂಟೆ. ಆ ಸಂಜೆ ಮನೆಗೆ ಹೋಗಿ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದಳೆಂದರೆ ರಾಯ್ಸ್ ಟಿವಿ ಆರಿಸಿ ಹಿತ್ತಲಿಗೆ ನಡೆದ.

ಎಣಿಕೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಕಾಲೇಜು ಆಫೀಸಿನ ಕಿಟಕಿಗೆ ಹೋದಳು. ನಿನ್ನ ಪಾಠವೂ ಬೇಡ, ನಿನ್ನ ಚಪ್ಪಾಳೆಯೂ ಬೇಡ ಎಂದು ಗ್ವೆಂಡಾಳಿಗೆ ತೋರಿಸಬೇಕಿತ್ತು. ಅತ್ತೆ ಇದ್ದಾಳಲ್ಲ, ಹದಿಮೂರರಲ್ಲಿ ಒಂದು ಹೋದರೆ ಹನ್ನೆರಡು, ಪಾಠಕ್ಕೇನೂ ಆಗುವುದಿಲ್ಲ ಎಂಬ ಸಮಾಧಾನವೂ ಜೊತೆಗಿತ್ತು.

ಕಿಟಕಿಯ ಹುಡುಗಿ ಕಂಪ್ಯೂಟರ್ ಪರದೆ ನೋಡಿ ತಲೆಯಾಡಿಸಿದಳು. "ಅಮ್ಮ, ನಿಮ್ಮ ಹೆಸ್ರು ತೆಗೆದ್ರೆ ಪಾಠಾನೇ ಹೋಗುತ್ತೆ. ಹನ್ನೊಂದೇ ಉಳಿಯೋದು."

"ನಮ್ಮತ್ತೆ ಇದಾರಲ್ಲಮ್ಮ?"

"ಅವ್ರು ಪುಕ್ಕಟೆ ಕೂರೋರು. ಪುಕ್ಕಟೆ ಕೂತೋರು ಎಣಿಕೆಗೆ ಬರಲ್ಲ. ಏನ್ಮಾಡ್ಲಿ, ತೆಗೀಲಾ ಬಿಡ್ಲಾ?"

ಸಮಾಧಾನ ಅಲ್ಲಿಗೆ ಮುಗಿಯಿತು. ಈಗ ಗ್ವೆಂಡಾಳ ಜನವರಿ, ಆಸ್ಪತ್ರೆ, ಎರಡು ವರ್ಷದ ದೀಪ, ಎಲ್ಲವೂ ವರ್ಲೀನಳ ನಾಲಿಗೆಯ ತುದಿಯಲ್ಲಿದ್ದವು. ಹುಟ್ಟಿದಾಗಿನಿಂದ ಅವಳ ಒಂದು ಮಾತಿಗೆ ಅಷ್ಟು ತೂಕ ಬಂದಿರಲಿಲ್ಲ.

"ತೆಗಿ," ಎಂದಳು.

ಆ ದಿನ ಅಂಗಡಿಯಲ್ಲಿ ಹಾಡು ಗುನುಗಿದಳು. ಮನೆಗೆ ಬಂದು ಬೀನ್ಸ್ ಕಾಳು ಬೇಯಿಸಿ, ಮೆಕ್ಕೆಜೋಳದ ರೊಟ್ಟಿ ಸುಟ್ಟು, ಎರಡೆರಡು ಸಲ ಬಡಿಸಿಕೊಂಡು ಉಂಡಳು. ಸಂಜೆ ಪಾಠಕ್ಕೂ ಹೋದಳು. ಯಾಕೆ ಹೋದಳೆಂದರೆ, ನೋಡಬೇಕಲ್ಲ! ಬೆಂಕಿ ಹಚ್ಚಿದವರು ಹೊಗೆ ನೋಡದೆ ಮಲಗುವುದುಂಟೆ?

ಆರೂವರೆಗೆ ಕ್ರಂಪ್ ಒಳಗೆ ಬಂದರು. ಕೈಯಲ್ಲಿ ಫೋನು, ಮುಖದಲ್ಲಿ ಸತ್ತವರ ಹೆಸರು ಓದುವ ಕಳೆ.

"ಆಫೀಸಿಂದ ಫೋನು ಬಂತು. ನಮ್ಮ ಲೆಕ್ಕ ಹನ್ನೊಂದಂತೆ. ಪುಕ್ಕಟೆ ಕೂತೋರನ್ನ ಎಣಿಸಲ್ವಂತೆ. ಏಳಕ್ಕೆ ಎಣಿಕೆ ಮುಚ್ಚುತ್ತೆ. ಪಾಠ ರದ್ದು, ಮಕ್ಕಳೇ."

ಗ್ವೆಂಡಾ ಪುಸ್ತಕ ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟಳು. ಅಳಲಿಲ್ಲ, ನಗಲೂ ಇಲ್ಲ. ಇಪ್ಪತ್ತೆಂಟು ವರ್ಷದಲ್ಲಿ ನಗುವಿಲ್ಲದ ಆ ಮುಖವನ್ನು ವರ್ಲೀನ್ ಮೊದಲ ಸಲ ನೋಡಿದಳು. ನೋಡಲೆಂದೇ ಬಂದಿದ್ದಳು. ಆದರೆ ಅದು ಅಂದುಕೊಂಡಷ್ಟು ಸಿಹಿಯಾಗಿರಲಿಲ್ಲ.

ಅಳುವ ಕೆಲಸ ಅತ್ತೆ ಮಾಡಿದಳು. ಐಲಾ ಮೇಜು ಹಿಡಿದು ಎದ್ದು ನಿಂತಳು, ಟೋಪಿ ವಾರೆಯಾಯಿತು. "ನಂದೇ ತಪ್ಪು ಕಣೇ ಗ್ವೆಂಡಾ. ನಾನು ಪುಕ್ಕಟೆ ಕೂತೆ. ನಾನಿದೀನಿ ಅಂತ ನೀನು ಇನ್ನೊಬ್ರನ್ನ ಹುಡುಕ್ಲಿಲ್ಲ. ಈ ಮುದುಕಿ ಚಪಲಕ್ಕೆ ನಿನ್ನ ಕೆಲ್ಸ ಹೋಯ್ತಲ್ಲೇ! ಸಾರ್, ನಾನು ದುಡ್ಡು ಕೊಡ್ತೀನಿ, ನನ್ನನ್ನ ಎಣಿಸ್ರಪ್ಪ."

ಕ್ರಂಪ್ ಆಗುವುದಿಲ್ಲ ತಾಯಿ ಎನ್ನುತ್ತಿದ್ದರು. ಮುದುಕಿಯ ಅಳುವಿನ ಮುಂದೆ ಲೆಕ್ಕ ಯಾರಿಗೆ ಬೇಕು? ಎಲ್ವಿರಾ ಮಾತ್ರ ದಿನವಿಡೀ ಕೋಳಿ ಎಣಿಸಿದ ಅಭ್ಯಾಸದಲ್ಲಿ ಬೆರಳು ಮಡಿಸುತ್ತಾ ಕೋಣೆಯನ್ನೊಮ್ಮೆ ಎಣಿಸಿದಳು. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಎಣಿಸಿದಳು. ಅಜ್ಜಿಯನ್ನು ಬಿಟ್ಟರೂ ಹನ್ನೆರಡು. ಅವಳ ಬೆರಳು ವರ್ಲೀನಳ ಹತ್ತಿರ ಬಂದು ನಿಂತಿತು.

ಬೆರಳಿಗೆ ವರ್ಲೀನ್ ಹೆದರುವವಳಲ್ಲ. ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಬಾಯಿ ಅವಳಿಗಿತ್ತು. ಅವಳಿಗೆ ತಡೆಯಲಾಗದೆ ಹೋದದ್ದು ಬೇರೆ: ಅತ್ತೆ ಈಗಲೂ ಗ್ವೆಂಡಾಳ ಕಡೆಗೇ ತಿರುಗಿ ಅಳುತ್ತಿದ್ದಳು. ದೊಡ್ಡ ಸೊಸೆ ಇಂಥದ್ದು ಮಾಡಿರಬಹುದು ಎಂಬ ಅನುಮಾನ ಕೂಡ ಆ ಮುದುಕಿಗೆ ಬಂದಿರಲಿಲ್ಲ. ಅಷ್ಟು ನಂಬಿದ್ದಳೆಂದು ವರ್ಲೀನಳಿಗೆ ಇದುವರೆಗೆ ಗೊತ್ತೇ ಇರಲಿಲ್ಲ.

"ಅಮ್ಮ, ಕೂತ್ಕೊಳ್ಳಿ," ಎಂದು ಎದ್ದಳು. ಈ ಸಲ ಯಾರೂ ನಗಲಿಲ್ಲ. "ನಿಮ್ಮಿಂದ ಅಲ್ಲ. ಬೆಳಿಗ್ಗೆ ನಾನು ಹೋಗಿ ನನ್ನ ಹೆಸ್ರು ತೆಗೆಸ್ದೆ. ಆ ಹುಡುಗಿ ಹೇಳಿದ್ಲು, ತೆಗೆದ್ರೆ ಪಾಠ ಹೋಗುತ್ತೆ ಅಂತ. ಗೊತ್ತಿದ್ದೇ ತೆಗೆಸ್ದೆ."

ಗ್ವೆಂಡಾ ತಲೆಯೆತ್ತಿದಳು. "ಯಾಕೆ?"

ಕ್ರಂಪ್ ಗಡಿಯಾರ ನೋಡಿದರು. ಚೀಟಿಯೊಂದರ ಮೇಲೆ ಗೀಚಿ ಸಹಿ ಮಾಡಿ ಅವಳ ಕೈಗೆ ತುರುಕಿದರು. "ನನ್ನ ಒಪ್ಪಿಗೆ ಇದೆ, ಮತ್ತೆ ಸೇರಿಸ್ಕೋಬಹುದು. ಯಾಕೆ ಏನು ಆಮೇಲೆ. ಓಡು ತಾಯಿ!"

ಐವತ್ತಮೂರರ ಹೆಂಗಸು, ಇಡೀ ದಿನ ನಿಂತು ಊದಿದ ಕಾಲು, ಉದ್ದನೆಯ ಮೊಗಸಾಲೆಯಲ್ಲಿ ಓಡಿದಳು. ಹಿಂದೆ ಇನ್ನೊಂದು ಜೊತೆ ಕಾಲಿನ ಸದ್ದು. ಗ್ವೆಂಡಾ. ನೆರವಿಗೆ ಬಂದಳೋ, ತಪ್ಪಿಸಿಕೊಳ್ಳದಂತೆ ಕಾಯಲು ಬಂದಳೋ, ಕೇಳುವ ಧೈರ್ಯವಾಗಲಿಲ್ಲ.

ಕಿಟಕಿಯಲ್ಲಿ ಅದೇ ಹುಡುಗಿ, ಕೈಚೀಲ ಹೆಗಲಿಗೇರಿಸಿ ನಿಂತಿದ್ದವಳು ಮತ್ತೆ ಕೂತಳು. "ಬೆಳಿಗ್ಗೆ ತೆಗೆಸ್ತೀರಿ, ಸಂಜೆ ಸೇರಿಸ್ತೀರಿ. ಇವತ್ತು ಸೇರಿದ್ರೆ ಪೂರ್ತಿ ಫೀಸು, ವಾಪಸ್ ಬರಲ್ಲ."

ಗ್ವೆಂಡಾ ಪರ್ಸಿಗೆ ಕೈ ಹಾಕಿದಳು. ವರ್ಲೀನ್ ಅವಳ ಕೈ ಸರಿಸಿ ತನ್ನ ಕಾರ್ಡು ಇಟ್ಟಳು.

"ಹೊಸದಾಗಿ ಎಲ್ಲಾ ಕೇಳ್ಬೇಕು. ವಯಸ್ಸು? ಕೆಲಸ? ಅಪ್ಪ ಅಮ್ಮ ಕಾಲೇಜು ಓದಿದಾರಾ?"

"ಅಪ್ಪ ಆರನೇ ಕ್ಲಾಸು. ಅಮ್ಮ ಅದೂ ಇಲ್ಲ. ಬೇಗ ಬರ್ಕೊಳಮ್ಮ."

"ಯಾಕೆ ಸೇರ್ತಿದೀರಾ? ಡಿಗ್ರಿಗಾ, ಕೆಲಸಕ್ಕಾ, ಬೇರೆ ಕಾಲೇಜಿಗೆ ಹೋಗೋಕ್ಕಾ, ಸ್ವಂತ ಆಸಕ್ತಿಗಾ?"

ಹಿಂದೆ ಗ್ವೆಂಡಾಳ ಏದುಸಿರು ಕೇಳುತ್ತಿತ್ತು.

"ಹೊಟ್ಟೆಕಿಚ್ಚಿಗೆ," ಎಂದಳು ವರ್ಲೀನ್.

"ಏನಂದ್ರಿ?"

"ಹೊಟ್ಟೆಕಿಚ್ಚು. ಈ ಹಿಂದೆ ನಿಂತಿದಾಳಲ್ಲ, ಇವಳ ಮೇಲೆ. ಇವಳು ಓದಿದ್ಲು, ನಾನು ನಕ್ಕೊಂಡು ಕೂತೆ. ಈಗ ನನಗೂ ಬೇಕು. ಹಾಗೇ ಬರ್ಕೊ."

ಹುಡುಗಿ ಪರದೆಯನ್ನು ಮೇಲಿಂದ ಕೆಳಗೆ ನೋಡಿದಳು. "ಅದು ಇದ್ರಲ್ಲಿ ಇಲ್ಲಮ್ಮ."

"ಸ್ವಂತ ಆಸಕ್ತಿ ಅಂತ ಹಾಕಮ್ಮ," ಎಂದಳು ಗ್ವೆಂಡಾ. "ಏಳಾಗ್ತಾ ಬಂತು."

ಹುಡುಗಿ ಗುಂಡಿ ಒತ್ತಿದಳು. ಹನ್ನೆರಡಾಯಿತು.

ಮರಳುವಾಗ ಇಬ್ಬರೂ ಓಡಲಿಲ್ಲ. ಅರ್ಧ ದಾರಿಗೆ ಬಂದ ಮೇಲೆ ಗ್ವೆಂಡಾ ಕೇಳಿದಳು: "ಯಾವಾಗಿಂದ?"

"ನೀನು ಮದ್ವೆಯಾಗಿ ಬಂದಾಗಿಂದ."

"ನಾನೇನು ಮಾಡಿದ್ದೆ ನಿಂಗೆ?"

"ಏನೂ ಇಲ್ಲ. ಒಂದಾದ್ರೂ ಮಾಡಿದ್ರೆ ನಂಗೆ ಸುಲಭ ಆಗ್ತಿತ್ತು."

ಗ್ವೆಂಡಾ ನಿಂತಳು. ಅಕ್ಕ ಎನ್ನುವುದು ಅವಳ ಬಾಯಿಂದ ಆಗಲೇ ಉದುರಿಹೋಗಿತ್ತು. "ನೋಡು ವರ್ಲೀನ್. ಡಿಸೆಂಬರವರೆಗೂ ನಾನು ನಿನ್ನ ಹತ್ರ ಮಾತಾಡಲ್ಲ. ಎದುರಿಗೆ ಬಂದ್ರೂ ಮಾತಾಡಲ್ಲ."

"ಸರಿ."

"ಆದ್ರೆ ಎಣಿಕೆ ಆಯ್ತಲ್ಲ ಅಂತ ನಾಳೆಯಿಂದ ಪಾಠಕ್ಕೆ ಬರ್ದೆ ಹೋದ್ಯೋ, ಆಮೇಲೆ ಜನ್ಮದಲ್ಲೇ ಮಾತಾಡಲ್ಲ."

ಕೋಣೆಯೊಳಗೆ ಅತ್ತೆ ಮುಂದೆ ನಿಂತು, ಟೋಪಿ ಕೈಯಲ್ಲಿ ಹಿಡಿದು, ತನ್ನ ಮದುವೆಯ ದಿನ ಹಸು ಕರು ಹಾಕಿದ ಕಥೆಯನ್ನು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಗ್ವೆಂಡಾ ತನ್ನ ಜಾಗದಲ್ಲಿ ಕೂತು, ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟಳು. ವರ್ಲೀನ್ ಆ ಚೀಲವನ್ನು ನೋಡಿ, ಹಿಂದಿನ ಸಾಲಿಗೆ ಹೋಗಿ ಎಲ್ವಿರಾಳ ಪಕ್ಕ ಕೂತಳು. ಸ್ವಲ್ಪ ಹೊತ್ತು ಬಿಟ್ಟು, ಬರೆದುಕೊಳ್ಳಲು ಒಂದು ಹಾಳೆ, ಒಂದು ಪೆನ್ನು ಕೊಡು ಎಂದು ಅವಳನ್ನು ಮೆಲ್ಲಗೆ ಕೇಳಿದಳು.